ಸಿಮೆಂಟ್ ಇಲ್ಲದೆ ಕೂತ ಇಂಟರ್‌ಲಾಕ್: ನನ್ನ ಅನುಭವ

ಎರಡು ಮಳೆಗಾಲ ಪೂರ್ತಿ ಕಳೆದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಗೇಟಿನಿಂದ ಪೋರ್ಟಿಕೊವರೆಗೆ ಸುಮಾರು 80 ಚದರ ಮೀಟರ್ ಇಂಟರ್‌ಲಾಕ್, ಅಂದರೆ ಒಂದಕ್ಕೊಂದು ಬಿಗಿಯಾಗಿ ಜೋಡಿಸುವ ಕಾಂಕ್ರೀಟ್ ಬ್ಲಾಕಿನ ಹಾಸು, ಹಾಕಿದ್ದೇನೆ. ಕೆಳಗೆ ಒಂದು ಹಿಡಿ ಸಿಮೆಂಟ್ ಇಲ್ಲ. ಕಾರು ದಿನಾ ಓಡಾಡುತ್ತದೆ, ಲೋಡ್ ಆದ ಟೆಂಪೊ ಕೂಡ ಎಷ್ಟೋ ಸಲ ಒಳಗೆ ಬಂದು ತಿರುಗಿಸಿಕೊಂಡು ಹೋಗಿದೆ. ಒಂದು ಬ್ಲಾಕ್ ಕುಸಿದಿಲ್ಲ, ಒಂದು ಸಾಲು ಸರಿದಿಲ್ಲ.

ಕೆಲಸ ನಡೆಯುವಾಗ ಬಂದವರೆಲ್ಲ ಒಂದೇ ಮಾತು ಹೇಳಿದ್ದರು. "ಬರೀ ಮರಳಿನ ಮೇಲೆ ಕೂರಿಸ್ತಿದ್ದೀರಲ್ಲ ಸಾರ್, ಮೊದಲ ಮಳೆಗೇ ಎದ್ದು ಹೋಗುತ್ತೆ. ಸ್ವಲ್ಪ ಡ್ರೈ ಮಿಕ್ಸ್, ಸಿಮೆಂಟ್ ಕಲೆಸಿದ ಒಣ ಮರಳು ಆದ್ರೂ ಹಾಕಿ." ಹೇಳಿದವರು ಅನುಭವ ಇಲ್ಲದವರಲ್ಲ. ವರ್ಷಗಟ್ಟಲೆ ಗಾರೆ ಕೆಲಸ ಮಾಡಿದ ಮೇಸ್ತ್ರಿಗಳು. ಅವರ ಜೊತೆ ವಾದ ಮಾಡಿ ಗೆಲ್ಲೋಕಾಗಲ್ಲ ಅಂತ ಸುಮ್ನೆ ಇದ್ದೆ.

ನಾನು ಹಠ ಹಿಡಿದದ್ದಕ್ಕೆ ಕಾರಣ ಅಲ್ಲೇ ಇದ್ದ ಹಳೆಯ ಹಾಸು. ಬೇರೆ ಒಂದು ತಂಡ ಹಾಕಿ ಹೋಗಿದ್ದು. ಮಣ್ಣು ತುಂಬಿದ ಜಾಗದ ಮೇಲೆ ನೆಪಕ್ಕೆ ನಾಲ್ಕು ಬುಟ್ಟಿ ಜಲ್ಲಿ, ಅದರ ಮೇಲೆ ಸಿಮೆಂಟ್ ಕಲೆಸಿದ ಮರಳು, ಮೇಲೆ 60 ಎಂಎಂ ಬ್ಲಾಕ್. ಮೊದಲ ವರ್ಷ ಕನ್ನಡಿ ಹಾಗಿತ್ತು. ಆಮೇಲೆ ಚಕ್ರ ಹೋಗುವ ಎರಡೂ ಜಾಡಿನಲ್ಲಿ ತಟ್ಟೆ ತಟ್ಟೆಯಾಗಿ ಕುಸಿಯಿತು. ಕಿತ್ತು ನೋಡಿದರೆ ಸಿಮೆಂಟ್ ಪದರ ಬಿಸ್ಕತ್ತಿನಂತೆ ತುಂಡಾಗಿತ್ತು. ಕೆಳಗಿನ ಮಣ್ಣು ಕದಲಿದಾಗ ಅದು ಬಗ್ಗಲಿಲ್ಲ, ಮುರಿಯಿತು. ಒಳಗೆ ಇಳಿದ ನೀರು ಹೋಗಲು ದಾರಿ ಇಲ್ಲದೆ ಅಲ್ಲೇ ನಿಂತು ಮಣ್ಣನ್ನು ಕೆಸರು ಮಾಡಿತ್ತು.

ದುಡ್ಡಿನ ನೋವು ಬೇರೆ. ಪ್ರತಿ ಬ್ಲಾಕಿನ ಬೆನ್ನಿಗೂ ಗಾರೆ ಅಂಟಿಕೊಂಡಿತ್ತು. ಕೆತ್ತಿ ತೆಗೆಸೋಣ ಅಂತ ಒಂದು ದಿನ ಇಬ್ಬರನ್ನು ಕೂರಿಸಿದೆ. ಸಂಜೆ ಲೆಕ್ಕ ಹಾಕಿದರೆ ಒಂದು ಬ್ಲಾಕ್ ಕ್ಲೀನ್ ಮಾಡಿಸುವ ಕೂಲಿ ಹೊಸ ಬ್ಲಾಕಿನ ಬೆಲೆಗೆ ಹತ್ತಿರ ಬಂತು. ಅರ್ಧಕ್ಕರ್ಧ ಕೆತ್ತುವಾಗಲೇ ಮೂಲೆ ಒಡೆದವು. ಎಲ್ಲವನ್ನೂ ಒಡೆಸಿ ಗುಂಡಿಗೆ ತುಂಬಿದೆ.

ಹೊಸದಕ್ಕೆ 80 ಎಂಎಂ ದಪ್ಪದ, 200ಕ್ಕೆ 100ರ ಸಾದಾ ಬ್ಲಾಕ್ ತಂದೆ. ಚದರ ಮೀಟರಿಗೆ 50 ಬ್ಲಾಕ್. ಅಂಕುಡೊಂಕು ಆಕಾರದ್ದು ಚೆಂದ ಇರುತ್ತೆ ಅಂತ ಮನೆಯವರು ಹೇಳಿದರು, ಆದರೆ ಕಟಿಂಗ್ ಜಾಸ್ತಿ. ನಡೆದಾಡುವ ಜಾಗಕ್ಕಷ್ಟೇ ಆದರೆ 60 ಸಾಕು. ಕಾರು ನಿಲ್ಲುವ ಕಡೆ 60ರಲ್ಲಿ ಉಳಿಸಿದ ದುಡ್ಡು ಎರಡೇ ವರ್ಷದಲ್ಲಿ ಕೈಬಿಟ್ಟು ಹೋಗುತ್ತದೆ.

ಅಗೆತದಲ್ಲೇ ಬಜೆಟ್ ಮೊದಲು ಅಲುಗಾಡಿತು. ಬೇಸ್ (ತಳಕ್ಕೆ ಬಡಿದು ಕೂರಿಸುವ ಜಲ್ಲಿ ಪದರ) 200 ಎಂಎಂ, ಮರಳು 25, ಬ್ಲಾಕ್ 80. ಅಂದರೆ ಹತ್ತಿರ ಹತ್ತಿರ ಒಂದು ಅಡಿ ಇಳಿಯಬೇಕು. ನೆಲದಲ್ಲಿ ಅಳೆದರೆ 24 ಘನ ಮೀಟರ್ ಮಣ್ಣು. ಅಗೆದ ಮೇಲೆ ಅದು ಉಬ್ಬುತ್ತದೆ, ಲೋಡ್ ಮಾಡುವಾಗ 30 ದಾಟಿತ್ತು. ಅಗೆಯುವ ಕೂಲಿಗಿಂತ ಸಾಗಿಸುವ ಬಾಡಿಗೆಯೇ ಜಾಸ್ತಿ ಆಯಿತು. ಕೊಟೇಶನ್ ಕೊಡುವವರು ಈ ಸಾಲನ್ನು ಬರೆಯುವುದೇ ಇಲ್ಲ, ಕೊನೆಗೆ "ಎಕ್ಸ್‌ಟ್ರಾ" ಅಂತ ಬರುತ್ತೆ.

ನಮ್ಮದು ಜೇಡಿಮಣ್ಣು. ಅದಕ್ಕೇ ತಳಕ್ಕೆ ಜಿಯೊಟೆಕ್ಸ್‌ಟೈಲ್ ಬಟ್ಟೆ ಹಾಸಿದೆ, ನೀರು ಬಿಟ್ಟು ಜಲ್ಲಿ ಮಣ್ಣು ಬೆರೆಯದ ಹಾಗೆ ತಡೆಯುವ ಬಟ್ಟೆ. ಇದಕ್ಕೂ ನಗು. "ಮಣ್ಣಿಗೆ ಬಟ್ಟೆ ಉಡಿಸ್ತಾರೆ" ಅಂತ ಒಬ್ಬರು ಹೋಗಿ ಬರುವವರಿಗೆಲ್ಲ ತೋರಿಸಿದರು. ನೋಡೋಣ ಅಂತ ಒಂದು ಮೂಲೆಯಲ್ಲಿ, ಒಂದೆರಡು ಚದರ ಮೀಟರ್, ಬಟ್ಟೆ ಹಾಕದೆ ಬಿಟ್ಟೆ. ಒಂದು ಮಳೆಗಾಲ ಆದಮೇಲೆ ಎರಡೂ ಕಡೆ ತೆಗೆದು ನೋಡಿದೆ. ಬಟ್ಟೆ ಇಲ್ಲದ ಕಡೆ ಕೆಳಗಿನ ಎರಡು ಇಂಚು ಜಲ್ಲಿ ಮಣ್ಣಿನಲ್ಲಿ ಹೂತುಹೋಗಿತ್ತು, ಕೈ ಹಾಕಿದರೆ ಮೆತ್ತಗೆ ಅಂಟು. ಬಟ್ಟೆ ಇದ್ದ ಕಡೆ ಜಲ್ಲಿ ಹಾಕಿದ ದಿನದ ಹಾಗೇ ಇತ್ತು. ಒಟ್ಟು ಖರ್ಚಿನಲ್ಲಿ ಬಟ್ಟೆಯ ಪಾಲು ನೂರಕ್ಕೆ ಎರಡೋ ಮೂರೋ. ನಗುವವರು ನಗಲಿ.

ಬೇಸ್ ವಿಷಯದಲ್ಲಿ ಮಾತ್ರ ನಾನು ಯಾರಿಗೂ ಬಗ್ಗಲಿಲ್ಲ. ಪುಡಿಯಿಂದ ದಪ್ಪ ಜಲ್ಲಿವರೆಗೆ ಎಲ್ಲ ಸೈಜೂ ಬೆರೆತ ಮಿಕ್ಸ್ ತರಿಸಿದೆ. ಕೆಲಸದವರಿಗೆ ಒಂದೇ ಸಲ ಸುರಿದು ಮೇಲೆ ಮೆಷಿನ್ ಓಡಿಸಿ ಮುಗಿಸುವ ಆತುರ. ಆದರೆ ಬಾಡಿಗೆಗೆ ಸಿಗುವ ಸಣ್ಣ ಪ್ಲೇಟ್ ಕಾಂಪ್ಯಾಕ್ಟರಿನ (ಅದುರುವ ಕಬ್ಬಿಣದ ತಟ್ಟೆಯಿಂದ ನೆಲ ಬಡಿಯುವ ಮೆಷಿನ್) ಪೆಟ್ಟು ಮೂರು-ನಾಲ್ಕು ಇಂಚಿಗಿಂತ ಕೆಳಗೆ ಸರಿಯಾಗಿ ಇಳಿಯುವುದಿಲ್ಲ. ಎಂಟು ಇಂಚು ಒಟ್ಟಿಗೆ ಹಾಕಿದರೆ ಮೇಲೆ ಗಟ್ಟಿ, ಕೆಳಗೆ ಪೊಳ್ಳು. ಮೂರು ಪದರ ಮಾಡಿಸಿದೆ. ಪ್ರತಿ ಪದರಕ್ಕೂ ನೀರು ಚಿಮುಕಿಸಿ, ಹಿಡಿಯಲ್ಲಿ ಒತ್ತಿದರೆ ಉಂಡೆ ಕಟ್ಟಬೇಕು, ಬೆರಳ ಸಂದಿಯಲ್ಲಿ ನೀರು ಬರಬಾರದು, ಅಷ್ಟು ಹದಕ್ಕೆ ತಂದು ಮೆಷಿನ್ ಓಡಿಸಿದೆವು.

ಸಾಕಾಯಿತು ಅಂತ ಗೊತ್ತಾಗೋದು ಕಿವಿಯಿಂದ. ಶುರುವಿನಲ್ಲಿ ಮೆಷಿನ್ ದಬ ದಬ ಅಂತ ಮಂಕಾಗಿ ಬಡಿಯುತ್ತದೆ, ಮುಂದೆ ಹೋಗಲು ಎಳೆದಾಡುತ್ತದೆ. ಪದರ ಬಿಗಿಯಾದ ಹಾಗೆ ಸದ್ದು ಟಣ್ ಅನ್ನುವ ಕಡೆ ತಿರುಗುತ್ತದೆ, ಪ್ಲೇಟ್ ಪುಟಿಯಲು ಶುರುಮಾಡುತ್ತದೆ, ಹಿಡಿಕೆಯ ನಡುಕ ಮೊಣಕೈವರೆಗೆ ಬರುತ್ತದೆ. ಆಗ ನಿಲ್ಲಿಸಬಹುದು. ಒಂದು ಕಡೆ ಮಾತ್ರ ಎಷ್ಟು ಓಡಿಸಿದರೂ ಸದ್ದು ಬದಲಾಗಲಿಲ್ಲ. ಅಗೆದು ನೋಡಿದರೆ ಹಿಂದೆ ಯಾವಾಗಲೋ ಪೈಪ್ ಹಾಕಲು ತೋಡಿ ಸಡಿಲವಾಗಿ ಮುಚ್ಚಿದ್ದ ಕಾಲುವೆ. ಹಳೆಯ ಹಾಸು ಮೊದಲು ಕುಸಿದಿದ್ದು ಸರಿಯಾಗಿ ಅದೇ ಗೆರೆಯಲ್ಲಿ!

ಬೇಸಿನ ಮೇಲೆ 3 ಮೀಟರ್ ಉದ್ದದ ನೇರ ಪಟ್ಟಿ ಇಟ್ಟು ನೋಡಿದರೆ ಕೆಳಗೆ 10 ಎಂಎಂಗಿಂತ ಜಾಸ್ತಿ ಸಂದಿ ಇರಬಾರದು. ಇದ್ದರೆ ಬೇಸಿನಲ್ಲೇ ಸರಿಮಾಡಬೇಕು. "ಮರಳಲ್ಲಿ ಅಡ್ಜಸ್ಟ್ ಮಾಡ್ತೀವಿ" ಅಂದರೆ ಒಪ್ಪಬೇಡಿ. ಮರಳು ದಪ್ಪ ಇದ್ದ ಕಡೆ ಆಮೇಲೆ ತಗ್ಗು ಗ್ಯಾರಂಟಿ. ಇಳಿಜಾರನ್ನೂ ಬೇಸಿನಲ್ಲೇ ತಂದೆ. ಮೀಟರಿಗೆ 2 ಸೆಂಟಿಮೀಟರ್, ಮನೆಯಿಂದ ಹೊರಗೆ.

ಅಂಚಿಗೆ ಮಾತ್ರ ಕಾಂಕ್ರೀಟ್. ಕೆಲಸದವರಿಗೆ ಖುಷಿಯಾಯಿತು, ಕೊನೆಗೂ ಸಿಮೆಂಟ್ ಚೀಲ ಬಂತಲ್ಲ ಅಂತ. ಅಂಚು ಬಿಟ್ಟರೆ ಇಡೀ ಹಾಸು ನಿಧಾನಕ್ಕೆ ಹೊರಗೆ ಹರಡುತ್ತದೆ, ಸಂದಿ ಅಗಲವಾಗುತ್ತದೆ, ಮರಳು ಸೋರುತ್ತದೆ. ಅದಕ್ಕೆ ಬೇಸನ್ನೇ ಅರ್ಧ ಅಡಿ ಆಚೆಗೆ ಬೆಳೆಸಿ, ಅಂಚಿನ ಕಾಂಕ್ರೀಟನ್ನು ಅದರ ಮೇಲೆ ಕೂರಿಸಿದೆ. ಬರೀ ಮಣ್ಣಿನ ಮೇಲೆ ಕೂತ ಅಂಚು ವಾಲುತ್ತದೆ.

ಮರಳಿಗೆ ಬರೋಣ. ತೊಳೆದ, ಸ್ವಲ್ಪ ತರಿ ಇರುವ ಕಾಂಕ್ರೀಟ್ ಮರಳು. ಪ್ಲಾಸ್ಟರಿಂಗ್ ಮರಳು ನುಣುಪು, ಬೇಡ. ಕ್ರಷರ್ ಪುಡಿ (ಜಲ್ಲಿ ಒಡೆಯುವಾಗ ಉಳಿಯುವ ಕಲ್ಲುಪುಡಿ) ಅಗ್ಗ, ಎಲ್ಲರೂ ಅದನ್ನೇ ಹಾಕುತ್ತಾರೆ. ಅದನ್ನೂ ನೋಡೇಬಿಡೋಣ ಅಂತ ನಲ್ಲಿಯ ಪಕ್ಕ ಒಂದು ಪಟ್ಟಿಗೆ ಪುಡಿ ಹಾಕಿಸಿದೆ. ಪುಡಿಯಲ್ಲಿ ಧೂಳಿನ ಪಾಲು ಜಾಸ್ತಿ, ನೀರು ಹಿಡಿದಿಟ್ಟುಕೊಳ್ಳುತ್ತೆ. ಮಳೆಯ ನಂತರ ಬೇರೆ ಕಡೆ ಬ್ಲಾಕ್ ಒಣಗಿದ್ದರೂ ಆ ಪಟ್ಟಿ ಒದ್ದೆ. ಸಂದಿಯಲ್ಲಿ ಬೂದುಬಣ್ಣದ ಗೊಜ್ಜು ಮೇಲೆ ಬರುತ್ತಿತ್ತು. ನಾಲ್ಕು ತಿಂಗಳಿಗೆ ಕಿತ್ತು ಮರಳು ಹಾಕಿಸಿದೆ. ಆ ಪಟ್ಟಿ ಮಾತ್ರ ಎರಡು ಸಲದ ಕೂಲಿ ತಿಂದಿತು, ಆದರೆ ನನ್ನ ಅನುಮಾನ ಪರಿಹಾರವಾಯಿತು.

ಒಂದಿಂಚಿನ ಎರಡು ಪೈಪ್ ಇಟ್ಟು, ಮರಳು ಎಳೆದು, ಪೈಪ್ ತೆಗೆದ ಗೀರು ತುಂಬಿ, ಆಮೇಲೆ ಅದರ ಮೇಲೆ ಯಾರೂ ಕಾಲಿಡಬಾರದು. ನಾಯಿ ಬಂದರೂ ಮತ್ತೆ ಎಳೆಯಬೇಕು. ಒಂದು ಸಂಜೆ ದೊಡ್ಡ ಜಾಗಕ್ಕೆ ಮರಳು ಎಳೆದು ಹೋಗಿದ್ದರು, ರಾತ್ರಿ ಮಳೆ ಬಂತು. ಬೆಳಿಗ್ಗೆ ಗುಳಿ ಗುಳಿ. ಅರ್ಧ ದಿನದ ಕೆಲಸ ನೀರುಪಾಲು. ಆಮೇಲಿಂದ ಆ ಹೊತ್ತಿಗೆ ಮುಚ್ಚಬಹುದಾದಷ್ಟಕ್ಕೆ ಮಾತ್ರ ಮರಳು.

ಜೋಡಣೆ ಹೆರಿಂಗ್‌ಬೋನ್, ಮೀನಿನ ಮುಳ್ಳಿನ ಹಾಗೆ ಅಡ್ಡಡ್ಡ. ಇಟ್ಟಿಗೆ ಗೋಡೆಯ ಹಾಗೆ ಉದ್ದ ಸಾಲು ಹಾಕಿದರೆ ಕಟಿಂಗ್ ಕಡಿಮೆ, ನಿಜ. ಆದರೆ ಚಕ್ರ ತಿರುಗುವ ಮತ್ತು ಬ್ರೇಕ್ ಹಾಕುವ ಕಡೆ ಆ ಸಾಲುಗಳು ತೆವಳುತ್ತವೆ. ಹೆರಿಂಗ್‌ಬೋನಿನಲ್ಲಿ ಪ್ರತಿ ಬ್ಲಾಕೂ ಪಕ್ಕದ್ದಕ್ಕೆ ಅಡ್ಡ ಕೂತಿರುತ್ತದೆ, ಯಾವ ಕಡೆ ತಳ್ಳಿದರೂ ಹೋಗಲು ಜಾಗ ಇಲ್ಲ. ವೇಸ್ಟ್ ನೂರಕ್ಕೆ ಏಳೆಂಟು ಹೋಯಿತು. ಬ್ಲಾಕಿನ ಮೂರನೇ ಒಂದು ಭಾಗಕ್ಕಿಂತ ಸಣ್ಣ ಚೂರನ್ನು ಎಲ್ಲೂ ಹಾಕಿಸಲಿಲ್ಲ, ಅವು ಮೊದಲು ಎದ್ದು ಬರುತ್ತವೆ. ಬ್ಲಾಕನ್ನು ಮೂರು-ನಾಲ್ಕು ಪ್ಯಾಲೆಟ್‌ಗಳಿಂದ (ಬ್ಲಾಕ್ ಜೋಡಿಸಿ ಬರುವ ಹಲಗೆ) ಬೆರೆಸಿ ತೆಗೆಯಿರಿ. ಇಲ್ಲದಿದ್ದರೆ ಬಣ್ಣ ಪಟ್ಟೆ ಪಟ್ಟೆಯಾಗಿ ಕಾಣುತ್ತೆ. ಕಟಿಂಗ್ ಮೆಷಿನ್ನಿನ ಬೂದು ನೀರು ಬ್ಲಾಕಿನ ಮೇಲೆ ಒಣಗುವ ಮೊದಲೇ ತೊಳೆಸಿ, ಒಣಗಿದರೆ ಕಲೆ ಹೋಗಲ್ಲ.

ಜೋಡಿಸಿದ ಮೇಲೆ ಸಂದಿಗೆ ಮರಳು ಹಾಕುವ ಮೊದಲೇ ಒಂದು ಸಲ ಮೆಷಿನ್. ಪ್ಲೇಟಿನ ಕೆಳಗೆ ರಬ್ಬರ್ ಮ್ಯಾಟ್ ಇರಲೇಬೇಕು, ಇಲ್ಲದಿದ್ದರೆ ಅಂಚು ಚೂರಾಗುತ್ತವೆ. ಈ ಪೆಟ್ಟಿಗೆ ಬ್ಲಾಕ್ ಕೆಳಗೆ ಇಳಿಯುತ್ತದೆ, ಕೆಳಗಿನ ಮರಳು ಸಂದಿಯೊಳಗೆ ಮೇಲೆ ಏರುತ್ತದೆ. ಎಷ್ಟು ಇಳಿಯುತ್ತದೆ ಅಂತ ಮೊದಲೇ ಒಂದು ತುಂಡಿನಲ್ಲಿ ನೋಡಿಕೊಳ್ಳಿ. ನನಗೆ 6-7 ಎಂಎಂ ಬಂತು. ಚೇಂಬರ್ ಮುಚ್ಚಳದ ಪಕ್ಕ ಅಷ್ಟು ಎತ್ತರ ಬಿಟ್ಟೇ ಕೂರಿಸಿದ್ದೆ. ಕಾಲಿಗೆ ತಗಲುತ್ತೆ ಅಂತ ಗಲಾಟೆ ಮಾಡಿದರು. ಮೆಷಿನ್ ಹೋದ ಮೇಲೆ ಮುಚ್ಚಳದ ಜೊತೆ ಸಮ ಆಯಿತು, ಗಲಾಟೆಯೂ ನಿಂತಿತು.

ಇಡೀ ಕೆಲಸದಲ್ಲಿ ಜನ ಕೆಡಿಸೋದು ಸಂದಿ ಮರಳನ್ನು. ಬ್ಲಾಕ್ ಒಂದನ್ನೊಂದು ಹಿಡಿದುಕೊಳ್ಳುವುದು ಆ 2-3 ಎಂಎಂ ಸಂದಿಯ ಮರಳಿನಿಂದ. ಅದು ಖಾಲಿ ಇದ್ದರೆ ಇಂಟರ್‌ಲಾಕ್ ಅನ್ನೋದು ಬರೀ ಹೆಸರಿಗೆ. ಮರಳಿನಲ್ಲಿ ಸ್ವಲ್ಪ ತೇವ ಇದ್ದರೂ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ. ನೋಡಿದರೆ ತುಂಬಿದ ಹಾಗೆ, ಒಳಗೆ ಟೊಳ್ಳು. ನಾನು ಟಾರ್ಪಾಲಿನ ಮೇಲೆ ಹರಡಿ, ಬಿಸಿಲಿಗೆ ಒಣಗಿಸಿ, ಜರಡಿ ಹಿಡಿಸಿದೆ. ಗುಡಿಸು, ಮೆಷಿನ್ ಓಡಿಸು, ಮತ್ತೆ ಗುಡಿಸು. ಹ್ಯಾಕ್ಸಾ ಬ್ಲೇಡ್ ಸಂದಿಗೆ ಒತ್ತಿ ನೋಡಿ, ಸಲೀಸಾಗಿ ಒಳಗೆ ಹೋದರೆ ಇನ್ನೂ ತುಂಬಿಲ್ಲ ಅಂತ ಅರ್ಥ. ಕೆಲವು ದಿನ ಗಾಡಿ ಓಡಾಡಿದ ಮೇಲೆ ಇನ್ನೊಂದು ಸಲ ಗುಡಿಸಿದೆ. ನಾನು ಎರಡು ಬಗೆಯ ಮರಳು ಬೆರೆಸುತ್ತೇನೆ. ಯಾವುದು ಎಷ್ಟು ಅನ್ನೋದು ನನ್ನ ಹತ್ತಿರವೇ ಇರಲಿ, ಅದೇ ನನ್ನ ಕೈಗುಣ.

ಸಂದಿಗೆ ಸಿಮೆಂಟ್ ಸುರಿದು ನೀರು ಹಾಕಿದರೆ ಹುಲ್ಲು ಬರಲ್ಲ ಅನ್ನುವವರಿಗಾಗಿ ಅದನ್ನೂ ಎರಡು ಮೀಟರ್ ಮಾಡಿಸಿದೆ. ಮೂರನೇ ತಿಂಗಳಿಗೆ ಕೂದಲೆಳೆ ಬಿರುಕು, ಆ ಬಿರುಕಿನಲ್ಲೇ ಹುಲ್ಲು. ಬ್ಲಾಕಿನ ಮುಖದ ಮೇಲೆ ಬಿಳಿ ಮಂಜು ಹಾಗೇ ಉಳಿಯಿತು. ಹೊಸ ಬ್ಲಾಕಿನಲ್ಲಿ ತಾನಾಗಿ ಬರುವ ಬಿಳಿ ಪುಡಿ ಬೇರೆ. ಅದು ಒಳಗಿನ ಸುಣ್ಣ ಮೇಲೆ ಬಂದು ಆಗುವುದು, ಮಳೆಗೆ ನಿಧಾನಕ್ಕೆ ಹೋಗುತ್ತೆ, ಗಾಬರಿ ಬೇಡ.

ಇಂಟರ್‌ಲಾಕ್ ಹಾಕಿದರೆ ಮಳೆನೀರೆಲ್ಲ ಇಂಗುತ್ತದೆ ಅಂತ ಮಾರುವವರು ಹೇಳುತ್ತಾರೆ. ಸಾದಾ ಹಾಸಿನಲ್ಲಿ ಹಾಗೇನೂ ಆಗಲ್ಲ, ಬಹುಪಾಲು ಹರಿದೇ ಹೋಗುತ್ತದೆ. ಇಂಗಬೇಕು ಅಂದರೆ ಅಗಲ ಸಂದಿಯ ಬ್ಲಾಕ್ ಬೇಕು, ಸಂದಿಗೆ ಮರಳಿನ ಬದಲು ಸಣ್ಣ ಕಲ್ಲಿನ ಚಿಪ್ಸ್, ಕೆಳಗೆ ಪುಡಿಯೇ ಇಲ್ಲದ ಜಲ್ಲಿ. ಗಿಡದ ಪಾತಿ ಪಕ್ಕ ನಾಲ್ಕು ಚದರ ಮೀಟರ್ ಹೀಗೆ ಮಾಡಿದ್ದೇನೆ. ಬಕೆಟ್ ನೀರು ಸುರಿದರೆ ಅಲ್ಲೇ ಮಾಯ. ಆದರೆ ಆಳ ಜಾಸ್ತಿ, ಖರ್ಚು ಒಂದೂವರೆ ಪಟ್ಟು, ಮತ್ತೆ ಎಲೆ ಮಣ್ಣು ಕಟ್ಟಿಕೊಳ್ಳದ ಹಾಗೆ ಗುಡಿಸುತ್ತಿರಬೇಕು.

ಖರ್ಚನ್ನು ನೂರು ಪಾಲು ಮಾಡಿದರೆ, ನೆನಪಿನಿಂದ ಹೇಳುತ್ತೇನೆ, ಬ್ಲಾಕಿಗೆ 40ರ ಒಳಗೆ, ಬೇಸಿನ ಜಲ್ಲಿಗೆ 20 ಚಿಲ್ಲರೆ, ಕೂಲಿಗೆ ಹೆಚ್ಚುಕಡಿಮೆ ಅಷ್ಟೇ, ಅಗೆತ ಸಾಗಣೆಗೆ 12, ಉಳಿದದ್ದು ಅಂಚು, ಮರಳು, ಬಟ್ಟೆ, ಮೆಷಿನ್ ಬಾಡಿಗೆ. ಕಾಂಕ್ರೀಟ್ ಸ್ಲ್ಯಾಬ್ ಹಾಕಿದ್ದರೆ ಇದಕ್ಕಿಂತ ಕಡಿಮೆಗೇ ಆಗುತ್ತಿತ್ತು. ಆದರೆ ಕಳೆದ ವರ್ಷ ಒಳಗಿನ ನೀರಿನ ಪೈಪ್ ಸೋರಿತು. ಎರಡು ಸ್ಕ್ರೂಡ್ರೈವರಿನಿಂದ ಮೊದಲ ಬ್ಲಾಕ್ ಎತ್ತಿದೆವು, ಮಿಕ್ಕವು ಕೈಯಲ್ಲೇ ಬಂದವು. ಪೈಪ್ ಸರಿಮಾಡಿ, ಬೇಸ್ ಪದರ ಪದರವಾಗಿ ಮತ್ತೆ ಬಡಿದು, ಅವೇ ಬ್ಲಾಕ್ ಸಂಜೆಯೊಳಗೆ ವಾಪಸ್ ಕೂರಿಸಿದೆವು. ಡ್ರೈ ಮಿಕ್ಸ್ ಹಾಕಿ ಅಂದಿದ್ದ ಮೇಸ್ತ್ರಿಗೆ "ಎಲ್ಲಿ ತೆಗೆದಿದ್ದು ತೋರಿಸಿ" ಅಂದೆ. ಎರಡು ಸಲ ತಪ್ಪು ಜಾಗ ತೋರಿಸಿದರು. ಈಗ ಅವರೇ ತಮ್ಮ ಸೈಟಿಗೆ ಬಂದು ಬೇಸ್ ನೋಡಿ ಹೋಗಿ ಅಂತ ಫೋನ್ ಮಾಡುತ್ತಾರೆ.

ಕೊನೆಗೊಂದು ಮಾತು, ಬ್ಲಾಕ್ ಆರ್ಡರ್ ಮಾಡುವಾಗಲೇ ಐವತ್ತು ಅರವತ್ತು ಹೆಚ್ಚು ತರಿಸಿ ಹೊರಗೆ ಮಳೆ ಬಿಸಿಲಿಗೇ ಜೋಡಿಸಿಡಿ. ಎರಡು ವರ್ಷ ಬಿಟ್ಟು ಅದೇ ಬಣ್ಣ ಕೇಳಿದರೆ ಬೇರೆ ಬ್ಯಾಚಿನದು ಬರುತ್ತೆ, ಶೆಡ್ಡಿನೊಳಗೆ ಇಟ್ಟಿದ್ದೂ ಹೊಸದಾಗಿ ಎದ್ದು ಕಾಣುತ್ತೆ.