ಬೇಡ ಅಂದ ಲಕೋಟೆಯೇ ಕೊನೆಗೆ ಕೈ ಹಿಡಿಯಿತು

ನಮ್ಮ ಗ್ರೀಟಿಂಗ್ ಕಾರ್ಡ್ ಸೈಟಿನಲ್ಲಿ ಕಾರ್ಡ್ ಕಾಣುವ ಮೊದಲು ಪರದೆ ಮೇಲೆ ಒಂದು ಲಕೋಟೆ ಬರುತ್ತಿತ್ತು, ಅದನ್ನು ಒತ್ತಿ ತೆರೆಯಬೇಕಿತ್ತು. ಸೈಟಿಗೆ ಹೊಸ ರೂಪ ಕೊಡಲು ಕೂತಾಗ ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು. "ಮೊದಲು ಆ ಲಕೋಟೆ ತೆಗೆದುಹಾಕಿ. ಸುಮ್ನೆ ಒಂದು ಕ್ಲಿಕ್ ಜಾಸ್ತಿ." ನಾನೂ ತಲೆಯಾಡಿಸಿ ತೆಗೆದುಹಾಕಿದೆ. ಅದನ್ನು ವಾಪಸ್ ತರುವಷ್ಟರಲ್ಲಿ ನಾಲ್ಕು ತಿಂಗಳು ಹೋಗಿತ್ತು.

ಅದಕ್ಕೂ ಮೊದಲು ದುಡ್ಡು ಕಳೆದ ಕಥೆ ಹೇಳಿಬಿಡುತ್ತೇನೆ. ಬ್ರೌಸರ್‌ನಲ್ಲಿ ಚಲಿಸುವ ಚಿತ್ರ ತೋರಿಸುತ್ತಿದ್ದ ಫ್ಲ್ಯಾಶ್ ತಂತ್ರಾಂಶ 2020ರ ಕೊನೆಗೆ ನಿಂತಿತಲ್ಲ, ಅದರಲ್ಲಿ ಮಾಡಿದ ಕಾರ್ಡ್‌ಗಳು ನಮ್ಮಲ್ಲಿ ಇನ್ನೂರರ ಮೇಲಿದ್ದವು. ಅಷ್ಟನ್ನೂ ಹೊಸದಾಗಿ ಬರೆಸಿದೆ. ಇಟ್ಟುಕೊಂಡಿದ್ದ ಹಣದಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಕರಗಿತು. ಆಮೇಲೆ ಸರ್ವರ್‌ನ ಹಳೆಯ ದಾಖಲೆ (ಲಾಗ್) ತೆರೆದು ನೋಡಿದರೆ, ಜನ ನಿಜವಾಗಿ ಕಳಿಸುತ್ತಿದ್ದದ್ದು ಮೂವತ್ತೋ ನಲವತ್ತೋ ಕಾರ್ಡ್ ಮಾತ್ರ. ಮೊದಲೇ ನೋಡಬಹುದಿತ್ತು, ಅಲ್ವಾ? ನೋಡಲಿಲ್ಲ.

ಲಕೋಟೆ ಇಲ್ಲದ ಸೈಟ್ ಕಣ್ಣಿಗೇನೋ ಚೆನ್ನಾಗಿತ್ತು. ಆದರೆ ಕಾರ್ಡಿನ ಹಾಡು ಕೇಳುತ್ತಿರಲಿಲ್ಲ. ಪುಟವನ್ನು ಒಮ್ಮೆಯಾದರೂ ಮುಟ್ಟುವವರೆಗೆ ಸದ್ದು ತಾನಾಗಿ ಶುರುವಾಗದಂತೆ ಕ್ರೋಮ್ ಬ್ರೌಸರ್ 2018ರಲ್ಲೇ ತಡೆ ಹಾಕಿದೆ. "ಹಾಡು ಕೇಳಲು ಇಲ್ಲಿ ಒತ್ತಿ" ಅಂತ ದೊಡ್ಡ ಬಟನ್ ಇಟ್ಟೆ. ಹತ್ತರಲ್ಲಿ ಒಬ್ಬರು ಒತ್ತಿದ್ದರೆ ಹೆಚ್ಚು.

ಇನ್ನೊಂದು ಎಡವಟ್ಟು ಇದಕ್ಕಿಂತ ಕೆಟ್ಟದು. ಕಾರ್ಡ್ ತೆರೆದ ಕೂಡಲೇ ಕಳಿಸಿದವರಿಗೆ "ನಿಮ್ಮ ಕಾರ್ಡ್ ನೋಡಿದರು" ಅಂತ ಮೇಲ್ ಹೋಗುತ್ತಿತ್ತು. ಆದರೆ ವಾಟ್ಸಾಪ್‌ನಲ್ಲಿ ಲಿಂಕ್ ಅಂಟಿಸಿದ ತಕ್ಷಣ, ಜೊತೆಗೆ ಚಿಕ್ಕ ಚಿತ್ರ ತೋರಿಸಲು ಅದು ಪುಟವನ್ನು ಎಳೆದುಕೊಳ್ಳುತ್ತದೆ. ಮೇಲ್‌ನಲ್ಲಿ ವೈರಸ್ ಹುಡುಕುವ ಸ್ಕ್ಯಾನರ್‌ಗಳೂ ಲಿಂಕ್ ಮುಟ್ಟಿ ನೋಡುತ್ತವೆ. ನಮ್ಮ ಸರ್ವರ್ ಅದನ್ನೆಲ್ಲ ಮನುಷ್ಯರೆಂದೇ ಲೆಕ್ಕ ಹಾಕಿತು. ಒಬ್ಬ ಮಹಿಳೆ ಬರೆದರು: "ನಾನಿನ್ನೂ ಕಳಿಸೇ ಇಲ್ಲ, ಆಗಲೇ ನೋಡಿದರು ಅಂತೀರಲ್ಲ. ನೋಡಿದ್ದು ಯಾರು?" ಹೀಗೆ ತಾವಾಗಿ ಪುಟ ತೆರೆಯುವ ತಂತ್ರಾಂಶಗಳ, ಅಂದರೆ ಬಾಟ್‌ಗಳ, ಹೆಸರು ಪಟ್ಟಿ ಮಾಡಿ ತಡೆಯಲು ಹೋದೆ. ವಾರಕ್ಕೊಂದು ಹೊಸದು ಬರುತ್ತಿತ್ತು.

ಒಂದು ರಾತ್ರಿ ಹೊಳೆಯಿತು: ಬಾಟ್ ಲಕೋಟೆ ಒಡೆಯುವುದಿಲ್ಲ.

ಲಕೋಟೆ ವಾಪಸ್ ಬಂತು. ಮೇಲೆ ಪಡೆಯುವವರ ಹೆಸರು, ಮಧ್ಯೆ ಮುದ್ರೆ. ಬೆರಳು ತಾಗಿದರೆ ಮಾತ್ರ ತೆರೆಯುತ್ತದೆ. ಆ ಮುಟ್ಟಿಗೇ ಹಾಡು ಶುರು, ಆ ಮುಟ್ಟಿಗೇ "ನೋಡಿದರು" ಲೆಕ್ಕ. ಜನ ತಮ್ಮ ಹೆಸರು ಓದುವ ಎರಡು ಸೆಕೆಂಡಿನಲ್ಲಿ ಹಿಂದೆ ದೊಡ್ಡ ಚಿತ್ರಗಳು ಇಳಿದಿರುತ್ತವೆ. ಮೊದಲು ಮುಚ್ಚಳ ತೆರೆಯಲು ಮೂರು ಸೆಕೆಂಡ್ ಇಟ್ಟಿದ್ದೆ. ಕಾಯಲಾರದೆ ಮತ್ತೆ ಒತ್ತುತ್ತಿದ್ದರು, ಅದು ಮುಚ್ಚಿಕೊಳ್ಳುತ್ತಿತ್ತು. ಮುಕ್ಕಾಲು ಸೆಕೆಂಡಿಗೆ ಇಳಿಸಿದ ಮೇಲೆ ಸರಿಹೋಯಿತು. ಕೊನೆಯವರೆಗೆ ಕಾರ್ಡ್ ನೋಡುವವರು ಸುಮಾರು ದುಪ್ಪಟ್ಟಾದರು. ಬೇಡ ಅಂದವರಿಗೆ ಆ ಲೆಕ್ಕ ಕಳಿಸದೆ ಇರಲಾಗಲಿಲ್ಲ.

ಹೆಸರು ಬರೆಯುವುದರಲ್ಲೂ ಪೆಟ್ಟು ತಿಂದೆ. ವಾಟ್ಸಾಪ್‌ನಲ್ಲಿ ಕಾಣುವ ಲಕೋಟೆ ಚಿತ್ರವನ್ನು ಸರ್ವರ್‌ನಲ್ಲಿ ಪಿಎಚ್‌ಪಿ ಭಾಷೆಯ ಜಿಡಿ ಅನ್ನುವ ಚಿತ್ರ ಬರೆಯುವ ಸಲಕರಣೆಯಿಂದ ಬರೆಸುತ್ತಿದ್ದೆ. ನಮ್ಮಲ್ಲಿದ್ದ ಜಿಡಿಗೆ ಒತ್ತಕ್ಷರ ಜೋಡಿಸಲು ಬರುತ್ತಿರಲಿಲ್ಲ. "ಪದ್ಮಮ್ಮ" ಹೋಗಿ "ಪದ್‌ಮಮ್‌ಮ" ಆಯಿತು. ಶುಭಾಶಯ ಕಳಿಸಿ ಹೆಸರನ್ನೇ ಮುರಿದರೆ ಯಾರಿಗೆ ಖುಷಿ? ಅಕ್ಷರ ಜೋಡಿಸಬಲ್ಲ ಪ್ಯಾಂಗೋ ಅನ್ನುವ ಸಲಕರಣೆಗೆ ಬದಲಿಸಿದೆ, ಅಕ್ಷರ ಕೂಡಿಕೊಂಡವು.

ಫೋನ್ ಅಲ್ಲಾಡಿಸಿದರೆ ಲಕೋಟೆ ತೆರೆಯಲಿ ಅಂತ ಒಂದು ವಾರ ಹಾಳು ಮಾಡಿಕೊಂಡದ್ದೂ ಉಂಟು. ಐಫೋನ್ ಅದಕ್ಕೆ ಮೊದಲು ಅನುಮತಿ ಕೇಳುತ್ತದೆ. ಅನುಮತಿ ಕೇಳುವ ಆ ಚೌಕ ಕಂಡರೆ ಜನ ವೈರಸ್ ಅಂದುಕೊಂಡು ಓಡುತ್ತಾರೆ. ಅವರ ತಪ್ಪೂ ಅಲ್ಲ. 2007ರಲ್ಲಿ ಸ್ಟಾರ್ಮ್ ವರ್ಮ್ ಅನ್ನುವ ಕಂಪ್ಯೂಟರ್ ಪಿಡುಗು ಸುಳ್ಳು ಕಾರ್ಡ್ ಮೇಲ್‌ಗಳ ವೇಷದಲ್ಲೂ ಹರಡಿತ್ತು. ಅದಕ್ಕೇ ನಮ್ಮ ಮೇಲ್‌ನಲ್ಲಿ "ನಿಮಗೊಂದು ಕಾರ್ಡ್ ಬಂದಿದೆ" ಅನ್ನುವುದನ್ನು ಬಿಟ್ಟು, ಕಳಿಸಿದವರ ಹೆಸರಿನಿಂದಲೇ ವಿಷಯದ ಸಾಲು ಶುರು ಮಾಡಿದೆ. ವಿಳಾಸ ಮಾತ್ರ ನಮ್ಮದೇ, ಉತ್ತರ ಅವರಿಗೆ ಹೋಗುವ ಹಾಗೆ. ಮೇಲ್ ನಿಜವಾಗಿ ಆ ವಿಳಾಸದ ಕಡೆಯಿಂದಲೇ ಬಂತಾ ಅಂತ ಪರೀಕ್ಷಿಸುವ ಡಿಮಾರ್ಕ್ ನಿಯಮವನ್ನು 2014ರಲ್ಲಿ ಯಾಹೂ ಬಿಗಿ ಮಾಡಿದ ಮೇಲೆ, ಹಾಗೆ ಬೇರೆಯವರ ವಿಳಾಸ ಹಾಕಿ ಕಳಿಸಿದ ಮೇಲ್ ತಿರಸ್ಕಾರವಾಗತೊಡಗಿತು.

ಲಾಗಿನ್ ಕಿತ್ತು ಹಾಕಿದ್ದನ್ನು ಬಿಡಿಸಿ ಹೇಳಬೇಕಿಲ್ಲ. ಜೊತೆಗೆ, ಬರೆದ ಸಂದೇಶ ಬ್ರೌಸರ್‌ನಲ್ಲೇ ಉಳಿಯುವಂತೆ ಮಾಡಿ. ಬ್ಯಾಕ್ ಒತ್ತಿ ಎಲ್ಲ ಕಳೆದುಕೊಂಡವರು ಮತ್ತೆ ಬರೆಯುವುದಿಲ್ಲ.

ಕಾರ್ಡ್ ಮುಗಿದ ಮೇಲೆ ನೋಡಿದವರೇ ತಿರುಗಿ ಒಂದು ಕಾರ್ಡ್ ಕಳಿಸುವ ಹಾಗೆ ಕೊನೆಯ ಪರದೆಯಲ್ಲಿ ಒಂದು ಸಣ್ಣ ಕೆಲಸ ಮಾಡಿದ್ದೇನೆ. ಈಗ ಹೋಸ್ಟಿಂಗ್ ಖರ್ಚು ಕಳೆದು ಒಂದಿಷ್ಟು ಉಳಿಯುತ್ತಿರುವುದು ಅದರಿಂದಲೇ. ಏನದು ಅಂತ ಮಾತ್ರ ಹೇಳುವುದಿಲ್ಲ, ಹೊಟ್ಟೆಪಾಡು.