ಹಾಸಿಗೆ ಪಕ್ಕದ ಮೂರು ನಿಮಿಷ

ನಮ್ಮ ಸರ್ಜರಿ ಯೂನಿಟ್‌ನಲ್ಲಿ ರೌಂಡ್ಸ್ ಏಳೂವರೆಗೆ, ಓಟಿ (ಆಪರೇಷನ್ ಥಿಯೇಟರ್) ಒಂಬತ್ತಕ್ಕೆ. ನಡುವೆ ಮೂವತ್ತು ಹಾಸಿಗೆ. ಪಿಜಿಗಳಿಗೆ, ಅಂದರೆ ಸ್ನಾತಕೋತ್ತರ ಓದುತ್ತಿರುವ ಡಾಕ್ಟರುಗಳಿಗೆ, ಪಾಠ ಮಾಡಲು ಸಮಯ ಎಲ್ಲಿ? ಹಾಗಾಗಿ ಅವರು ಕೇಸ್ ಹೇಳುತ್ತಿದ್ದಂತೆ ನಾನೇ ಉತ್ತರ ಕೊಟ್ಟು ಮುಂದೆ ಹೋಗುತ್ತಿದ್ದೆ. ಅವರು ಬರೆದುಕೊಳ್ಳುತ್ತಿದ್ದರು. ಆದರೆ ರಾತ್ರಿ ಡ್ಯೂಟಿಯಲ್ಲಿ ಸಣ್ಣ ನಿರ್ಧಾರಕ್ಕೂ ನನಗೆ ಫೋನ್ ಬರುತ್ತಿತ್ತು. ತಪ್ಪು ನನ್ನದೇ. ಅವರಿಗೆ ಯೋಚಿಸಲು ನಾನು ಬಿಟ್ಟಿರಲೇ ಇಲ್ಲ.

ಆಮೇಲೆ ಅಮೆರಿಕದ ಫ್ಯಾಮಿಲಿ ಡಾಕ್ಟರ್ ಜಾನ್ ನೆಹರ್ ಮತ್ತು ಸಂಗಡಿಗರು 1992ರಲ್ಲಿ ಬರೆದ 'ಒನ್ ಮಿನಿಟ್ ಪ್ರಿಸೆಪ್ಟರ್' (ಒಂದು ನಿಮಿಷದ ಗುರು) ಎಂಬ ಕಲಿಸುವ ವಿಧಾನ ಹಿಡಿದೆ. ಅದರಲ್ಲಿ ಐದು ಹೆಜ್ಜೆ. ಮೊದಲನೆಯದೇ ಕಷ್ಟ: ನಿನಗೇನು ಅನ್ನಿಸುತ್ತೆ ಎಂದು ಕೇಳಿ, ಸುಮ್ನೆ ಇರುವುದು.

ಒಂದು ಬೆಳಿಗ್ಗೆ ನೆನಪಾಗುತ್ತದೆ. ಕರುಳು ಕತ್ತರಿಸಿ ಜೋಡಿಸಿದ ಹೆಂಗಸಿಗೆ ಐದನೇ ದಿನ. ಜ್ವರ ಇಲ್ಲ, ನಾಡಿ ಮಾತ್ರ 118. "ಏನನ್ನಿಸುತ್ತಮ್ಮಾ?" ಎಂದೆ. ಎರಡನೇ ವರ್ಷದ ಪಿಜಿ ತಡವರಿಸಿ, "ನೋವಿಗೆ ಇರಬಹುದು ಸಾರ್" ಎಂದಳು. "ಯಾಕೆ ಹಾಗನ್ನಿಸಿತು?" ಆಗ ಅವಳೇ ಚಾರ್ಟ್ ತಿರುವಿದಳು. ನೋವಿನ ಇಂಜೆಕ್ಷನ್ ಕೊಟ್ಟ ಮೇಲೂ ನಾಡಿ ಇಳಿದಿರಲಿಲ್ಲ. "ಜೋಡಿಸಿದ ಜಾಗ ಲೀಕ್ ಆಗಿರಬಹುದಾ ಸಾರ್?" ಅಂದಳು, ದನಿ ತಗ್ಗಿಸಿ.

ನಾನು ಹೇಳಿದ್ದು ಒಂದೇ ಮಾತು. ಕರುಳು ಜೋಡಿಸಿದವರಲ್ಲಿ ಕಾರಣವಿಲ್ಲದೆ ನಾಡಿ ಏರಿದರೆ, ಅಲ್ಲ ಎಂದು ಖಚಿತವಾಗುವವರೆಗೆ ಲೀಕ್ ಎಂದೇ ನೋಡಬೇಕು, ಜ್ವರಕ್ಕೆ ಕಾಯಬಾರದು. ಸಿಟಿ ಸ್ಕ್ಯಾನಿನಲ್ಲಿ ಲೀಕ್ ಕಾಣಿಸಿತು. ಆವತ್ತೇ ಮತ್ತೆ ಓಟಿಗೆ ಕರೆದೊಯ್ದೆವು. ಆಕೆ ಉಳಿದರು.

ರಾತ್ರಿಯಿಡೀ ನಾಡಿ ಬರೆದಿಟ್ಟಿದ್ದಕ್ಕೆ ಅವಳನ್ನು ಎಲ್ಲರೆದುರೇ ಹೊಗಳಿದೆ. ನಾಲ್ಕು ಗಂಟೆಗೇ ನನಗೆ ತಿಳಿಸಬೇಕಿತ್ತು ಎಂಬುದನ್ನು ಆಮೇಲೆ ಕಾರಿಡಾರ್‌ನಲ್ಲಿ ಹೇಳಿದೆ. ರೋಗಿಯ ಮುಂದೆ ಡಾಕ್ಟರನ್ನು ಬೈದರೆ ಆ ರೋಗಿ ಯಾರನ್ನು ನಂಬಬೇಕು? ಇಂಗ್ಲಿಷ್‌ನಲ್ಲಿ ಮಾತಾಡಿದ್ದನ್ನು ಕನ್ನಡದಲ್ಲಿ ರೋಗಿಗೆ ತಿಳಿಸದೆ ಹಾಸಿಗೆ ಬಿಡಬಾರದು ಎಂಬ ನಿಯಮವೂ ಈಗ ಇದೆ.

ಎಲ್ಲಾ ಹಾಸಿಗೆಯಲ್ಲೂ ಹೀಗೆ ಮಾಡಲು ಆಗುವುದಿಲ್ಲ. ದಿನಕ್ಕೆ ಮೂರು ಕೇಸ್ ಆರಿಸುತ್ತೇನೆ. ಜಾಸ್ತಿ ಆದರೆ ಯಾವುದೂ ತಲೆಯಲ್ಲಿ ಉಳಿಯಲ್ಲ.

ಓಟಿಯಲ್ಲಿ ಕೈ ತೊಳೆಯುವಾಗ, ಇವತ್ತು ಯಾವ ಹಂತ ಕಲಿಯಬೇಕು ಎಂದು ಅವರನ್ನೇ ಕೇಳುತ್ತೇನೆ. ಹೋದ ವಾರ ಹರ್ನಿಯಾ ಕೇಸಿಗೆ ಮುಂಚೆ ಒಬ್ಬ ಹೇಳಿದ: "ಮೆಶ್ (ಬಲೆ) ಇಡೋದು ಬರುತ್ತೆ ಸಾರ್. ನರ ಗುರುತಿಸೋದೇ ಕಷ್ಟ." ತೊಡೆಸಂದಿನ ಇಲಿಯೋಇಂಗ್ವೈನಲ್ ನರವನ್ನು ಅವನೇ ಹುಡುಕಿ ತೋರಿಸುವವರೆಗೆ ನಾನು ಕಾದೆ.