ಟ್ರೇಲರ್ ಎಳೆಯುವ, ಬಿಡಾರ ಹೊರುವ ಪಿಕಪ್: ಯಾವ ಬದಲಾವಣೆ ಮೊದಲು, ಯಾವುದು ಆಮೇಲೆ

ಭಾರೀ ಟ್ರೇಲರ್ ಎಳೆಯುವುದಕ್ಕೂ ಊರಾಚೆ ಬಿಡಾರ ಹೂಡುವುದಕ್ಕೂ ಒಂದೇ ಹೆವಿ ಡ್ಯೂಟಿ ಪಿಕಪ್ಪನ್ನು ನೆಚ್ಚಿಕೊಂಡವರು ಅದಕ್ಕೆ ಹೊಸ ಸಾಮಾನು ಹಾಕಿಸಲು ಹೊರಟಾಗ ಸಾಮಾನ್ಯವಾಗಿ ಕಣ್ಣಿಗೆ ಎದ್ದು ಕಾಣುವುದರಿಂದಲೇ ಆರಂಭಿಸುತ್ತಾರೆ: ಎತ್ತರಿಸಿದ ಸಸ್ಪೆನ್ಷನ್, ದೊಡ್ಡ ಟೈರ್, ಉಕ್ಕಿನ ಬಂಪರ್, ಸಿಕ್ಕಿಬಿದ್ದ ಗಾಡಿಯನ್ನು ಹಗ್ಗದಿಂದ ಎಳೆಯುವ ವಿಂಚ್. ಇವು ತಮ್ಮಷ್ಟಕ್ಕೆ ಕೆಟ್ಟವೇನಲ್ಲ. ಆದರೆ ಹಾಕಿಸಿದ ಪ್ರತಿಯೊಂದು ವಸ್ತುವಿಗೂ ತೂಕವಿದೆ, ಆ ತೂಕವು ಗಾಡಿ ಹೊರಬಲ್ಲ ಭಾರದಲ್ಲೇ ಕಡಿತವಾಗುತ್ತದೆ. ಹೀಗಾಗಿ ಮೊದಲು ತಿಳಿಯಬೇಕಾದದ್ದು ಅಂಗಡಿಯಲ್ಲಿ ಏನು ಸಿಗುತ್ತದೆ ಎಂಬುದಲ್ಲ, ನಿಮ್ಮ ಗಾಡಿಯಲ್ಲಿ ಯಾವ ಮಿತಿ ಮೊದಲು ಮುಗಿಯುತ್ತದೆ ಎಂಬುದು.

ಈ ಮಿತಿಗಳು ಚಾಲಕನ ಬಾಗಿಲಿನ ಚೌಕಟ್ಟಿನ ಫಲಕದಲ್ಲಿ ಮತ್ತು ಗಾಡಿಯ ಕೈಪಿಡಿಯಲ್ಲಿ ಇರುತ್ತವೆ. ಗಾಡಿಯ ಒಟ್ಟು ತೂಕದ ಮಿತಿ, ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ಪ್ರತ್ಯೇಕ ಮಿತಿ, ಪಿಕಪ್ ಮತ್ತು ಟ್ರೇಲರ್ ಎರಡನ್ನೂ ಕೂಡಿಸಿದ ಜಂಟಿ ತೂಕದ ಮಿತಿ, ಹಾಗೂ ಪೇಲೋಡ್, ಅಂದರೆ ಜನ ಮತ್ತು ಸಾಮಾನು ಸೇರಿ ಗಾಡಿ ಹೊರಬಲ್ಲ ಭಾರ. ಜಾಹೀರಾತಿನಲ್ಲಿ ದಪ್ಪ ಅಕ್ಷರಗಳಲ್ಲಿ ಅಚ್ಚಾಗುವ ಎಳೆಯುವ ಸಾಮರ್ಥ್ಯವನ್ನು ಮಾತ್ರ ಸ್ವಲ್ಪ ಎಚ್ಚರದಿಂದ ಓದಬೇಕು. ಅಮೆರಿಕದ ಕಂಪನಿಗಳು ಅನುಸರಿಸುವ, ವಾಹನ ಎಂಜಿನಿಯರ್‌ಗಳ ಸಂಸ್ಥೆ ಎಸ್‌ಎಇಯ ಜೆ2807 ಮಾನದಂಡದಲ್ಲಿ ಆ ಅಂಕಿಯನ್ನು ತಲಾ ಸುಮಾರು 68 ಕಿಲೋ ತೂಕದ ಚಾಲಕ ಮತ್ತು ಒಬ್ಬ ಸಹಪ್ರಯಾಣಿಕನನ್ನು ಲೆಕ್ಕಕ್ಕೆ ಹಿಡಿದು ನಿಗದಿಪಡಿಸುತ್ತಾರೆ. ಮನೆಮಂದಿ, ಛಾವಣಿಯ ಡೇರೆ, ನೀರಿನ ಟ್ಯಾಂಕು ಯಾವುವೂ ಆ ಲೆಕ್ಕದಲ್ಲಿಲ್ಲ.

ಒಂದು ಉದಾಹರಣೆ ನೋಡೋಣ. ಫಲಕದ ಪ್ರಕಾರ ಪೇಲೋಡ್ 1200 ಕಿಲೋ, ಎಳೆಯಬೇಕಾದ ಟ್ರೇಲರ್ 3500 ಕಿಲೋ ಎಂದಿಟ್ಟುಕೊಳ್ಳಿ. ಟ್ರೇಲರ್‌ನ ಮೂತಿ, ಪಿಕಪ್ಪಿನ ಹಿಂದೆ ಅದನ್ನು ಸಿಕ್ಕಿಸುವ ಜೋಡಣೆಯಾದ ಹಿಚ್ಚಿನ ಮೇಲೆ ಊರುವ ಭಾರವು ಅದರ ಒಟ್ಟು ತೂಕದ 10ರಿಂದ 15 ಪ್ರತಿಶತದಷ್ಟಿರಬೇಕು. ಅದಕ್ಕಿಂತ ಕಡಿಮೆಯಾದರೆ ಟ್ರೇಲರ್ ವೇಗದಲ್ಲಿ ಅಡ್ಡಾದಿಡ್ಡಿ ತೂಗಾಡತೊಡಗುತ್ತದೆ. 12 ಪ್ರತಿಶತ ಹಿಡಿದರೆ ಈ ಮೂತಿಭಾರವೇ 420 ಕಿಲೋ. ನಾಲ್ಕು ಜನರಿಗೆ 240, ಹಿಂಬದಿಯನ್ನು ಮುಚ್ಚುವ ಕ್ಯಾನೊಪಿಗೆ 90, ಡೇರೆ ಮತ್ತು ಅದರ ರ‍್ಯಾಕ್‌ಗೆ 110, ಬ್ಯಾಟರಿ ಮತ್ತು ಕಪಾಟುಗಳಿಗೆ 80, ನೀರಿಗೆ 60, ಆಹಾರ ತುಂಬಿದ ಫ್ರಿಜ್‌ಗೆ 40, ಹಿಚ್ ಸಲಕರಣೆಗೆ ಮತ್ತೆ 40. ಒಟ್ಟು 1080. ಉಳಿದದ್ದು 120 ಕಿಲೋ ಮಾತ್ರ. ಉಕ್ಕಿನ ಬಂಪರ್ ಮತ್ತು ವಿಂಚ್ ಸೇರಿದರೆ ಅದೂ ಖಾಲಿ, ಇನ್ನೂ ಬಟ್ಟೆಬರೆ, ಅಡುಗೆ ಪಾತ್ರೆಗಳು ಗಾಡಿ ಹತ್ತಿಲ್ಲ. ಇಷ್ಟಾದರೂ ಎಳೆಯುವ ಸಾಮರ್ಥ್ಯದಲ್ಲಿ ಸಾಕಷ್ಟು ಉಳಿದಿರುತ್ತದೆ ಎಂಬುದೇ ಇಲ್ಲಿ ಜನ ಮೋಸಹೋಗಲು ಕಾರಣ. ಪಿಕಪ್ಪಿನ ಹಿಂಬದಿಯೊಳಗೇ ಮೂತಿ ಊರುವ ಫಿಫ್ತ್ ವೀಲ್ ಟ್ರೇಲರ್‌ಗಳಲ್ಲಿ ಹಿಂಬದಿಯ ಮೇಲೆ ಬೀಳುವ ಭಾರ ಟ್ರೇಲರ್ ತೂಕದ ಕಾಲು ಭಾಗದವರೆಗೂ ಹೋಗಬಹುದಾದ್ದರಿಂದ ಅಲ್ಲಿ ಈ ಲೆಕ್ಕ ಇನ್ನೂ ಬಿಗಿ.

ಕಾಗದದ ಲೆಕ್ಕ ಮುಗಿದ ಮೇಲೆ ಗಾಡಿಯನ್ನು ಪ್ರವಾಸಕ್ಕೆ ಹೊರಡುವಂತೆಯೇ ತುಂಬಿಸಿ, ಟ್ಯಾಂಕ್ ತುಂಬ ಇಂಧನ ಹಾಕಿ, ಜನರನ್ನೂ ಕೂರಿಸಿಕೊಂಡು ವೇಬ್ರಿಡ್ಜ್‌ಗೆ ಒಯ್ಯಬೇಕು. ಟ್ರೇಲರ್ ಸಿಕ್ಕಿಸಿದಂತೆಯೇ ಮೊದಲು ಮುಂದಿನ ಚಕ್ರಗಳನ್ನು ಮಾತ್ರ ಮೇಲೆ ನಿಲ್ಲಿಸಿ, ಅನಂತರ ಪಿಕಪ್ಪಿನ ನಾಲ್ಕೂ ಚಕ್ರಗಳನ್ನು, ಕೊನೆಗೆ ಟ್ರೇಲರನ್ನೂ ಸೇರಿಸಿ ತೂಗಿಸಿ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಹಿಂದಿನ ಆಕ್ಸಲ್‌ನ ಭಾರ ಸಿಗುತ್ತದೆ. ಟ್ರೇಲರ್ ಬಿಚ್ಚಿಟ್ಟು ಇನ್ನೊಮ್ಮೆ ಪಿಕಪ್ಪನ್ನಷ್ಟೇ ತೂಗಿಸಿದರೆ ಮೂತಿಭಾರವೂ ತಿಳಿಯುತ್ತದೆ. ನೂರಾರು ಚರ್ಚೆಗಳಿಗಿಂತ ಈ ತೂಕದ ಚೀಟಿ ಹೆಚ್ಚು ಉಪಯುಕ್ತ. ಮುಂದಿನ ಖರೀದಿಗಳನ್ನೆಲ್ಲ ಅದನ್ನು ಮುಂದಿಟ್ಟುಕೊಂಡೇ ತೀರ್ಮಾನಿಸಬಹುದು.

ಸಾಮಾನ್ಯವಾಗಿ ಆ ಚೀಟಿ ತೋರಿಸುವುದು ಹಿಂದಿನ ಆಕ್ಸಲ್ ದಣಿದಿರುವುದನ್ನು. ಇದಕ್ಕೆ ಕಾರಣ ಸರಳ: ಟ್ರೇಲರ್ ಕೂರುವ ಹಿಚ್ಚಿನ ಗುಂಡು, ಅಂದರೆ ಬಾಲ್, ಹಿಂದಿನ ಆಕ್ಸಲ್‌ಗಿಂತ ಆಚೆಗಿದೆ. ಎರಡು ಆಕ್ಸಲ್‌ಗಳ ನಡುವಿನ ಅಂತರ 4 ಮೀಟರ್, ಹಿಂದಿನ ಆಕ್ಸಲ್‌ನಿಂದ ಬಾಲ್‌ಗೆ 1.3 ಮೀಟರ್ ಇದ್ದರೆ, 420 ಕಿಲೋ ಮೂತಿಭಾರವು ಏತದ ಹಾಗೆ ವರ್ತಿಸಿ ಮುಂದಿನ ಚಕ್ರಗಳ ಮೇಲಿನ ಭಾರದಿಂದ ಸುಮಾರು 136 ಕಿಲೋ ಎತ್ತಿಬಿಡುತ್ತದೆ, ಹಿಂದಿನ ಆಕ್ಸಲ್‌ಗೆ ಸುಮಾರು 556 ಕಿಲೋ ಹೇರುತ್ತದೆ. ಸ್ಟಿಯರಿಂಗ್ ಹಗುರವಾಗುವುದು, ರಾತ್ರಿ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುವುದು, ಒದ್ದೆ ರಸ್ತೆಯಲ್ಲಿ ಮುಂದಿನ ಬ್ರೇಕ್ ಹಿಡಿತ ಕಳೆದುಕೊಳ್ಳುವುದು, ಎಲ್ಲವೂ ಇದರಿಂದಲೇ.

ಇಲ್ಲಿಯೇ ಅತಿ ಹೆಚ್ಚು ತಪ್ಪು ಖರೀದಿ ನಡೆಯುತ್ತದೆ. ಹಿಂಬದಿ ಕುಸಿಯಿತೆಂದು ಲೀಫ್ ಸ್ಪ್ರಿಂಗ್‌ಗಳ ಜೊತೆಗೆ ಏರ್ ಬ್ಯಾಗ್ (ಅಪಘಾತದಲ್ಲಿ ಉಬ್ಬುವುದಲ್ಲ, ಸಸ್ಪೆನ್ಷನ್ನಿಗೆ ಆಸರೆಯಾಗುವ ಗಾಳಿಚೀಲ) ಹಾಕಿಸಿ ಗಾಳಿ ತುಂಬಿದರೆ ಗಾಡಿ ನೋಡಲು ಮಟ್ಟಸವಾಗಿ ನಿಲ್ಲುತ್ತದೆ, ನಿಜ. ಆದರೆ ಮುಂದಿನ ಚಕ್ರಗಳಿಂದ ಹೋದ ಭಾರವನ್ನು ಅದು ಹಿಂದಿರುಗಿಸುವುದಿಲ್ಲ, ಆಕ್ಸಲ್‌ನ ಅಥವಾ ಗಾಡಿಯ ಮಿತಿಯನ್ನೂ ಹೆಚ್ಚಿಸುವುದಿಲ್ಲ. ಭಾರವನ್ನು ಮುಂದಕ್ಕೂ ಟ್ರೇಲರ್‌ನ ಆಕ್ಸಲ್‌ಗಳಿಗೂ ಹಂಚುವುದು ವೇಟ್ ಡಿಸ್ಟ್ರಿಬ್ಯೂಷನ್ ಹಿಚ್. ಅದರ ಸ್ಪ್ರಿಂಗ್ ಸರಳುಗಳು ನಿಮ್ಮ ನಿಜವಾದ ಮೂತಿಭಾರಕ್ಕೆ ತಕ್ಕವಾಗಿರಬೇಕು. ತೀರಾ ಗಡುಸಾದವು ಟ್ರೇಲರ್‌ನ ಚೌಕಟ್ಟನ್ನು ಕುಲುಕಿಸುತ್ತವೆ. ಹೊಂದಿಸುವಾಗ ಮುಂದಿನ ಚಕ್ರದ ಕಮಾನಿನ ಅಂಚು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಟ್ರೇಲರ್ ಸಿಕ್ಕಿಸುವ ಮೊದಲು ಒಮ್ಮೆ, ಸಿಕ್ಕಿಸಿದ ಮೇಲೆ ಒಮ್ಮೆ, ಸರಳುಗಳನ್ನು ಬಿಗಿದ ಮೇಲೆ ಮತ್ತೊಮ್ಮೆ ಅಳೆಯಬೇಕು. ಎದ್ದ ಎತ್ತರದಲ್ಲಿ ಎಷ್ಟನ್ನು ಇಳಿಸಬೇಕೆಂಬುದು ಗಾಡಿಯಿಂದ ಗಾಡಿಗೆ ಬೇರೆಯಾದ್ದರಿಂದ ಕೈಪಿಡಿಯ ಮಾತೇ ಅಂತಿಮ. ಏರ್ ಬ್ಯಾಗ್ ಇದ್ದರೆ ಅದರಲ್ಲಿ ಅತ್ಯಂತ ಕಡಿಮೆ ಗಾಳಿಯಿಟ್ಟು ಮೊದಲು ಹಿಚ್ಚನ್ನು ಹೊಂದಿಸಬೇಕು, ಆಮೇಲಷ್ಟೇ ಸ್ವಲ್ಪ ಗಾಳಿ ಸೇರಿಸಬಹುದು. ನನ್ನ ಅಭಿಪ್ರಾಯದಲ್ಲಿ ಏರ್ ಬ್ಯಾಗ್ ಉಪಯೋಗಕ್ಕೆ ಬರುವುದು ದಿನವೂ ಭಾರ ಬದಲಾಗುವವರಿಗೆ. ಡೇರೆ, ಕ್ಯಾನೊಪಿ, ಕಪಾಟುಗಳನ್ನು ವರ್ಷವಿಡೀ ಹೊತ್ತು ತಿರುಗುವ ಗಾಡಿಗೆ ಆ ಭಾರಕ್ಕೆ ತಕ್ಕ ಲೀಫ್ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಹಾಕಿಸುವುದೇ ಮೇಲು.

ಹಿಚ್ಚಿನ ಮಾತು ಬಂದಾಗ ಇನ್ನೊಂದು ಸಂಗತಿ. ಪಿಕಪ್ಪಿನ ಚೌಕಟ್ಟಿಗೆ ಬಿಗಿದ ಹಿಚ್ ಕೊಳವೆಯಾದ ರಿಸೀವರ್‌ಗೆ ಅಂಟಿಸಿದ ಚೀಟಿಯಲ್ಲಿ ಅನೇಕ ವೇಳೆ ಎರಡು ಅಂಕಿಗಳಿರುತ್ತವೆ, ಒಂದು ಸಾದಾ ಜೋಡಣೆಗೆ, ಇನ್ನೊಂದು ಭಾರ ಹಂಚುವ ಹಿಚ್ ಬಳಸಿದಾಗ. ಬಾಲ್, ಅದನ್ನು ಹೊತ್ತು ರಿಸೀವರ್‌ಗೆ ತೂರುವ ಬಾಲ್ ಮೌಂಟ್, ಬಾಲ್ ಮೇಲೆ ಕೂರುವ ಟ್ರೇಲರ್‌ನ ಕಪ್ಲರ್ ಇವುಗಳಿಗೂ ತಮ್ಮದೇ ಮಿತಿಗಳುಂಟು. ಎಲ್ಲಕ್ಕಿಂತ ಚಿಕ್ಕ ಅಂಕಿಯೇ ನಿಮ್ಮ ಮಿತಿ.

ಟೈರ್ ವಿಷಯದಲ್ಲಿ ಅಂದಕ್ಕಿಂತ ಅಂಕಿ ಮುಖ್ಯ. ಪಕ್ಕೆಯ ಮೇಲೆ ಅಳತೆಯ ಮುಂದೆ ಅಚ್ಚಾಗಿರುವ ಲೋಡ್ ಇಂಡೆಕ್ಸ್ 121 ಎಂದಿದ್ದರೆ ಆ ಟೈರ್ 1450 ಕಿಲೋ ಹೊರುತ್ತದೆ, 126 ಎಂದಿದ್ದರೆ 1700 ಕಿಲೋ. ಎರಡು ಹಿಂದಿನ ಟೈರ್‌ಗಳ ಮೊತ್ತವನ್ನು ವೇಬ್ರಿಡ್ಜ್ ಚೀಟಿಯ ಹಿಂದಿನ ಆಕ್ಸಲ್ ಭಾರದೊಂದಿಗೆ ಹೋಲಿಸಿ ನೋಡಿ. ಎಡ ಬಲ ಎರಡೂ ಕಡೆ ಭಾರ ಸಮನಾಗಿ ಬೀಳುವುದು ಅಪರೂಪವಾದ್ದರಿಂದ ಒಂದಿಷ್ಟು ಅಂತರ ಉಳಿದಿರಲೇಬೇಕು. ಈ ಸಾಮರ್ಥ್ಯ ಸಿಗುವುದು ಗಾಳಿಯೂ ಅದಕ್ಕೆ ತಕ್ಕಷ್ಟಿದ್ದಾಗ ಮಾತ್ರ. ಹೆಚ್ಚು ಭಾರ ಹೊರುವ ಲೋಡ್ ರೇಂಜ್ ಇ ದರ್ಜೆಯ ಟೈರ್‌ಗಳಲ್ಲಿ ಪೂರ್ಣ ಭಾರಕ್ಕೆ ಸಾಮಾನ್ಯವಾಗಿ 80 ಪಿಎಸ್‌ಐ ಬೇಕು. ಮರಳಿನಲ್ಲೋ ಕಲ್ಲುದಾರಿಯಲ್ಲೋ ಗಾಳಿ ಇಳಿಸುವವರು ಡಾಂಬರು ರಸ್ತೆಗೆ ಮರಳುವ ಮುನ್ನ ತುಂಬಿಕೊಳ್ಳಲು ಒಳ್ಳೆಯ ಕಂಪ್ರೆಸರ್ ಇಟ್ಟುಕೊಳ್ಳಲಿ. ನಾನು ಸಲಹೆ ಮಾಡುವ ಮೊದಲ ಮೂರು ಖರೀದಿಗಳಲ್ಲಿ ಇದೂ ಒಂದು.

ಟೈರ್ ದೊಡ್ಡದಾದಷ್ಟೂ ಎಳೆಯುವ ಗಾಡಿಗೆ ನಷ್ಟವೇ ಹೆಚ್ಚು. 32 ಇಂಚಿನ ಟೈರ್ ತೆಗೆದು 35 ಇಂಚಿನದನ್ನು ಹಾಕಿದರೆ 4.10 ಇದ್ದ ಆಕ್ಸಲ್ ಗೇರ್ ಅನುಪಾತ ಪರಿಣಾಮದಲ್ಲಿ ಸುಮಾರು 3.75ಕ್ಕೆ ಇಳಿಯುತ್ತದೆ, ಏರಿನಲ್ಲಿ ಗೇರ್‌ಬಾಕ್ಸ್ ಮತ್ತೆ ಮತ್ತೆ ಕೆಳಗಿನ ಗೇರಿಗೆ ಬಂದು ಬಿಸಿಯಾಗುತ್ತದೆ, ಬ್ರೇಕಿಗೂ ಹೆಚ್ಚು ಶ್ರಮ ಬೀಳುತ್ತದೆ, ಸ್ಪೀಡೋಮೀಟರ್ ತಿದ್ದದಿದ್ದರೆ ನಿಜ ವೇಗಕ್ಕಿಂತ ಕಡಿಮೆ ತೋರಿಸುತ್ತದೆ. ಗಾಡಿಯನ್ನು ಎತ್ತರಿಸಿದಾಗಲೂ ಇದೇ ಕಥೆ: ಟ್ರೇಲರ್ ಮಟ್ಟಸವಾಗಿರಲು ಬಾಲ್ ಮೌಂಟನ್ನು ಇನ್ನಷ್ಟು ಕೆಳಕ್ಕೆ ಇಳಿಬಿಡಬೇಕಾಗುತ್ತದೆ, ಆಗ ರಿಸೀವರ್‌ನ ಮೇಲೆ ತಿರುಚುವ ಬಲ ಹೆಚ್ಚುತ್ತದೆ. ಬಿಡಾರದ ಜಾಗ ತಲುಪಲು ನಿಜಕ್ಕೂ ನೆಲದಿಂದ ಎತ್ತರ ಬೇಕಾಗಿದ್ದರೆ ಎರಡು ಇಂಚಿಗೆ ಮಿತಿಗೊಳಿಸಿ. ಟ್ರೇಲರ್ ಅಂಥ ದಾರಿಯಲ್ಲಿ ಹೇಗಿದ್ದರೂ ಬರುವುದಿಲ್ಲ.

ಬ್ರೇಕಿಗೆ ಹಾಕಿದ ಹಣ ಎಂದೂ ದಂಡವಲ್ಲ. ಟ್ರೇಲರ್‌ನಲ್ಲಿ ವಿದ್ಯುತ್ ಬ್ರೇಕ್ ಇದ್ದರೆ ಕ್ಯಾಬಿನ್‌ನಲ್ಲಿ ಬ್ರೇಕ್ ಕಂಟ್ರೋಲರ್ ಬೇಕು. ಕಂಪನಿಯೇ ಅಳವಡಿಸಿದ್ದರೆ ಸರಿ, ಇಲ್ಲದಿದ್ದರೆ ಅಗ್ಗದ ಟೈಮರ್ ಬಗೆಯದನ್ನು ಬಿಟ್ಟು, ಗಾಡಿ ನಿಧಾನವಾಗುವ ತೀವ್ರತೆಯನ್ನು ಅಳೆದು ಅದಕ್ಕೆ ತಕ್ಕಂತೆ ಟ್ರೇಲರ್ ಬ್ರೇಕ್ ಹಿಡಿಯುವ ಪ್ರೊಪೋರ್ಷನಲ್ ಬಗೆಯದನ್ನು ಆರಿಸಿ. ಹೊಂದಿಸುವ ಕ್ರಮ ಹೀಗೆ: ಸಮತಟ್ಟಾದ ಒಣ ಖಾಲಿ ಜಾಗದಲ್ಲಿ ಗಂಟೆಗೆ ಸುಮಾರು 40 ಕಿಲೋಮೀಟರ್ ವೇಗದಲ್ಲಿ ಹೋಗುತ್ತ, ಕಾಲಿನ ಬ್ರೇಕ್ ಮುಟ್ಟದೆ, ಕಂಟ್ರೋಲರ್‌ನ ಕೈಯಿಂದ ಒತ್ತುವ ಲಿವರನ್ನು ಪೂರ್ತಿ ಒತ್ತಿ, ಟ್ರೇಲರ್ ಹಿಂದಕ್ಕೆ ಗಟ್ಟಿಯಾಗಿ ಜಗ್ಗಬೇಕು, ಆದರೆ ಚಕ್ರಗಳು ಕಚ್ಚಿಕೊಂಡು ಜಾರಬಾರದು. ಭಾರ ಬದಲಾದಾಗಲೆಲ್ಲ ಇದನ್ನು ಮತ್ತೆ ಮಾಡಬೇಕಾಗುತ್ತದೆ. ಟ್ರೇಲರ್ ಕಳಚಿಕೊಂಡರೆ ತಾನಾಗಿ ಬ್ರೇಕ್ ಹಿಡಿಯುವ ಬ್ರೇಕ್‌ಅವೇ ಸ್ವಿಚ್‌ನ ಬ್ಯಾಟರಿ ಸತ್ತು ಕೂತಿರುವುದು ಆಶ್ಚರ್ಯವಾಗುವಷ್ಟು ಸಾಮಾನ್ಯ. ಡೀಸೆಲ್ ಗಾಡಿಯಲ್ಲಿ, ಎಂಜಿನ್ನಿನ ಹೊಗೆಯನ್ನು ತಡೆದು ವೇಗ ತಗ್ಗಿಸುವ ಎಗ್ಸಾಸ್ಟ್ ಬ್ರೇಕ್ ಇದ್ದರೆ ಇಳಿಜಾರಿನಲ್ಲಿ ಅದನ್ನೇ ಬಳಸಿ. ಅಗಲವಾದ ಟೋಯಿಂಗ್ ಕನ್ನಡಿಗಳಂತೂ ಬೇಕೇ ಬೇಕು.

ಎಂಜಿನ್ ಟ್ಯೂನಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ: ಇಂದಿನ ಹೆವಿ ಡ್ಯೂಟಿ ಡೀಸೆಲ್‌ಗಳಲ್ಲಿ ಶಕ್ತಿಯ ಕೊರತೆಯಿಲ್ಲ, ವಾರಂಟಿ ಕಳೆದುಕೊಳ್ಳುವ ಅಪಾಯ ಮಾತ್ರ ಖಂಡಿತ ಇದೆ, ಮತ್ತು ಹೊಗೆ ಶುದ್ಧೀಕರಿಸುವ ಭಾಗಗಳನ್ನು ಕಿತ್ತುಹಾಕುವುದು ಅನೇಕ ದೇಶಗಳಲ್ಲಿ ಕಾನೂನುಬಾಹಿರ. ಆ ಹಣದಲ್ಲಿ ಗೇರ್‌ಬಾಕ್ಸ್ ಎಣ್ಣೆಯ ತಾಪ ತೋರಿಸುವ ಗೇಜ್ ಕೊಳ್ಳಿ.

ಇನ್ನು ಬಿಡಾರದ ಕಡೆಗೆ. ಛಾವಣಿಯ ಡೇರೆ ಆರಿಸುವಾಗ ರ‍್ಯಾಕ್‌ಗೆ ಎರಡು ಮಿತಿಗಳಿರುವುದನ್ನು ಗಮನಿಸಬೇಕು: ಗಾಡಿ ಓಡುತ್ತಿರುವಾಗ ಹೊರಬಹುದಾದದ್ದು ಒಂದು, ನಿಂತಿರುವಾಗ ಹೊರಬಹುದಾದದ್ದು ಅದಕ್ಕಿಂತ ಬಹಳ ಹೆಚ್ಚಿನ ಇನ್ನೊಂದು. ಮಡಚಿದ ಡೇರೆಯ ತೂಕವನ್ನು ಮೊದಲನೆಯದರೊಂದಿಗೂ, ಮಲಗುವವರು ಸೇರಿದ ತೂಕವನ್ನು ಎರಡನೆಯದರೊಂದಿಗೂ ಹೋಲಿಸಬೇಕು. ಟ್ರೇಲರ್‌ನಲ್ಲೇ ಮಲಗುವವರಾದರೆ ಡೇರೆ ಬೇಕೇ ಎಂದು ಒಮ್ಮೆ ಕೇಳಿಕೊಳ್ಳಿ. ನೀರು, ಹೆಚ್ಚುವರಿ ಡೀಸೆಲ್‌ನಂಥ ಭಾರದ ಸಾಮಾನು ಹಿಂದಿನ ಆಕ್ಸಲ್‌ಗಿಂತ ಮುಂದಕ್ಕೆ, ಕ್ಯಾಬಿನ್‌ಗೆ ಒತ್ತಿಕೊಂಡು, ತಳದಲ್ಲೇ ಇರಲಿ. 150 ಲೀಟರ್ ಡೀಸೆಲ್ ಎಂದರೆ ಟ್ಯಾಂಕಿನ ತೂಕ ಬಿಟ್ಟು ಸುಮಾರು 125 ಕಿಲೋ.

ವಿದ್ಯುತ್ತಿಗೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಈಗ ಸಹಜ ಆಯ್ಕೆ. 100 ಆಂಪಿಯರ್ ಅವರ್‌ನದರಲ್ಲಿ ಸುಮಾರು 1280 ವ್ಯಾಟ್ ಅವರ್ ಇದ್ದು ಅದರ ಬಹುಪಾಲನ್ನು ಬಳಸಬಹುದು, ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗಿಳಿಸಿದರೆ ಆಯಸ್ಸು ಕುಗ್ಗುತ್ತದೆ. ತೂಕದಲ್ಲೂ ಲಿಥಿಯಂನದು ಅರ್ಧಕ್ಕಿಂತ ಕಡಿಮೆ. ಆದರೆ ಶೂನ್ಯ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು. ಚಳಿ ಪ್ರದೇಶಕ್ಕೆ ಹೋಗುವವರು ಹೀಟರ್ ಇರುವ ಬ್ಯಾಟರಿಯನ್ನೇ ಆರಿಸಲಿ. ಹೊಸ ಗಾಡಿಗಳ ಆಲ್ಟರ್ನೇಟರ್ ಇಂಧನ ಉಳಿಸಲೆಂದು ವೋಲ್ಟೇಜ್ ಇಳಿಸುತ್ತಿರುವುದರಿಂದ ನಡುವೆ ಆ ವೋಲ್ಟೇಜನ್ನು ಬ್ಯಾಟರಿಗೆ ತಕ್ಕಂತೆ ಏರಿಸಿಕೊಡುವ ಡಿಸಿ-ಡಿಸಿ ಚಾರ್ಜರ್ ಅಗತ್ಯ. ಇಲ್ಲಿ ತಂತಿಯಲ್ಲಿ ಉಳಿತಾಯ ಮಾಡಬೇಡಿ: ಎಂಜಿನ್ ಬಳಿಯಿಂದ ಹಿಂಬದಿಗೆ ಹೋಗಿ ಬರಲು 12 ಮೀಟರ್ ತಾಮ್ರದ ತಂತಿ, 30 ಆಂಪಿಯರ್ ಪ್ರವಾಹ ಎಂದರೆ 6 ಚದರ ಮಿಲಿಮೀಟರ್ ತಂತಿಯಲ್ಲಿ ಒಂದು ವೋಲ್ಟ್‌ಗೂ ಹೆಚ್ಚು ದಾರಿಯಲ್ಲೇ ಸೋರಿಹೋಗುತ್ತದೆ, 16 ಚದರ ಮಿಲಿಮೀಟರ್‌ನದರಲ್ಲಿ ಸುಮಾರು 0.4 ವೋಲ್ಟ್. ಎಂಜಿನ್ನಿನದು, ಬಿಡಾರದ್ದು ಎರಡೂ ಬ್ಯಾಟರಿಗಳ ಪಕ್ಕದಲ್ಲೇ ಫ್ಯೂಸ್ ಇರಬೇಕು.

ಕ್ರಮ ಹೀಗಿರಲಿ: ವೇಬ್ರಿಡ್ಜ್ ಚೀಟಿ, ಟೈರ್ ಮತ್ತು ಕಂಪ್ರೆಸರ್, ಬ್ರೇಕ್ ಕಂಟ್ರೋಲರ್, ಭಾರ ಹಂಚುವ ಹಿಚ್, ಆಮೇಲೆ ಬ್ಯಾಟರಿ ಮತ್ತು ಕ್ಯಾನೊಪಿ, ಅವೆಲ್ಲವೂ ಗಾಡಿಯ ಮೇಲೆ ಕೂತ ನಂತರವಷ್ಟೇ ಸ್ಪ್ರಿಂಗ್. ಕೊನೆಗೆ ಏನು ಹೊರುತ್ತೇವೆಂದು ತಿಳಿಯದೆ ಸ್ಪ್ರಿಂಗ್‌ನ ಗಡುಸುತನ ನಿರ್ಧರಿಸಲಾಗದು ಎಂಬುದೇ ಅದನ್ನು ಕೊನೆಗಿಡಲು ಕಾರಣ. ಚಕ್ರ ಬಿಚ್ಚಿ ಮಾಡಿಸಿದ ಯಾವುದೇ ಕೆಲಸದ ನಂತರ ಮೊದಲ 80ರಿಂದ 160 ಕಿಲೋಮೀಟರ್ ಒಳಗೆ ಚಕ್ರದ ನಟ್‌ಗಳನ್ನು ಟಾರ್ಕ್ ರೆಂಚ್‌ನಿಂದ ಮತ್ತೊಮ್ಮೆ ಬಿಗಿಸಿ, ಹಿಚ್ ಬೋಲ್ಟ್‌ಗಳನ್ನೂ ಅದೇ ಸಮಯದಲ್ಲಿ ನೋಡಿಕೊಂಡು, ಗಾಡಿಯನ್ನು ಹೊಸದಾಗಿ ತೂಗಿಸಿ.